ಹಳೇ ಕಾರಿನ ಸೆಟ್ಟು ಕೀಳುವ ಮುನ್ನ

ಸಯನ್ ಸರ್ಕಲ್ ಬಿಟ್ಟು ಫ್ಲೈಓವರ್ ಏರುವಷ್ಟರಲ್ಲಿ ಕಾರಿನೊಳಗಿನ ಭಾವಗೀತೆ ತಟ್ಟನೆ ಅಡಗಿ, ಅದೇ ಜಾಗದಲ್ಲಿ ರೇಡಿಯೋ ಜಾಕಿಯೊಬ್ಬರ ಹಿಂದಿ ಮಾತು ಕೇಳತೊಡಗುತ್ತದೆ. ನಾಲ್ಕು ಕಟ್ಟಡ ದಾಟಿದ ಮೇಲೆ ಹಾಡು ಮತ್ತೆ ಬರುತ್ತದೆ. ಬಂದ ಮೇಲೂ ಹಿಂದಿನ ಕರಕರ ಸದ್ದು ನಿಲ್ಲುವುದಿಲ್ಲ. ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಎಫ್‌ಎಂ ಟ್ರಾನ್ಸ್‌ಮಿಟರ್ ಕೊಂಡವರಿಗೆ ಮುಂಬೈಯಲ್ಲಿ ಆಗುವ ಅನುಭವ ಇದು. ಹಳೇ ಕಾರಿನಲ್ಲಿ ಮೊಬೈಲಿನ ಹಾಡು ಕೇಳಬೇಕು ಎನ್ನುವವರು ಅಗ್ಗವೆಂದು ಮೊದಲು ಕೊಳ್ಳುವುದು ಇದನ್ನೇ. ಸ್ವಲ್ಪ ದಿನಕ್ಕೆ ಬೇಸತ್ತು, ಕಾರಿನ ಜೊತೆ ಬಂದ ಕಂಪನಿ ಸೆಟ್ಟನ್ನೇ ಕಿತ್ತು ಬೇರೆ ಹಾಕಿಸಲು ಹೊರಡುತ್ತಾರೆ. ಆದರೆ ಸೆಟ್ಟಿನಲ್ಲಿ ಏನೂ ಕೊರತೆಯಿಲ್ಲ. ಹಾಡನ್ನು ಅದರೊಳಗೆ ಕಳಿಸಲು ಹಿಡಿದ ದಾರಿ ಈ ಊರಿಗೆ ಹೊಂದುವುದಿಲ್ಲ, ಅಷ್ಟೆ.

ಆ ಟ್ರಾನ್ಸ್‌ಮಿಟರ್ ಒಂದು ಪುಟಾಣಿ ರೇಡಿಯೋ ಕೇಂದ್ರ. ಮೊಬೈಲಿನಿಂದಲೋ ಪೆನ್‌ಡ್ರೈವಿನಿಂದಲೋ ಹಾಡನ್ನು ತೆಗೆದುಕೊಂಡು ಎಫ್‌ಎಂ ಪಟ್ಟಿಯ ಯಾವುದೋ ಒಂದು ಸಂಖ್ಯೆಯಲ್ಲಿ ಪ್ರಸಾರ ಮಾಡುತ್ತದೆ. ಒಂದೆರಡು ಅಡಿ ಆಚೆ ಇರುವ ಕಾರಿನ ರೇಡಿಯೋ ಅದನ್ನು ಹಿಡಿಯುತ್ತದೆ. ನೆರೆಯವರ ರೇಡಿಯೋಗೆ ತೊಂದರೆಯಾಗಬಾರದೆಂದು ಇದರ ಶಕ್ತಿಯನ್ನು ತೀರಾ ಕಡಿಮೆ ಇಟ್ಟಿರುತ್ತಾರೆ, ಒಂದು ಮಿಲಿವ್ಯಾಟಿನ ಸಣ್ಣ ಪಾಲು. ಎದುರಿಗಿರುವುದು ಕಿಲೋವ್ಯಾಟುಗಟ್ಟಲೆ ಶಕ್ತಿಯ ಕೇಂದ್ರಗಳು. ಮುಂಬೈಯ ಡಯಲ್ ತಿರುಗಿಸಿ ನೋಡಿ: 91.1ರಲ್ಲಿ ರೇಡಿಯೋ ಸಿಟಿ, 92.7ರಲ್ಲಿ ಬಿಗ್, 93.5ರಲ್ಲಿ ರೆಡ್, 98.3ರಲ್ಲಿ ಮಿರ್ಚಿ, 100.7ರಲ್ಲಿ ಆಕಾಶವಾಣಿಯ ಗೋಲ್ಡ್, 104ರಲ್ಲಿ ಫೀವರ್, 107.1ರಲ್ಲಿ ರೇನ್‌ಬೋ, ನಡುನಡುವೆ ಇನ್ನಷ್ಟು. ಎಫ್‌ಎಂ ರೇಡಿಯೋಗೆ ಇನ್ನೊಂದು ಗುಣವಿದೆ. ಒಂದೇ ಸಂಖ್ಯೆಯಲ್ಲಿ ಎರಡು ಪ್ರಸಾರ ಸಿಕ್ಕಿದರೆ ಅದು ಎರಡನ್ನೂ ಬೆರೆಸಿ ಕೇಳಿಸುವುದಿಲ್ಲ. ಬಲವಾದುದನ್ನು ಹಿಡಿದು ಇನ್ನೊಂದನ್ನು ಪೂರ್ತಿ ಅದುಮಿಬಿಡುತ್ತದೆ. ಫ್ಲೈಓವರ್ ಕೆಳಗೆ, ಕಟ್ಟಡಗಳ ಮರೆಯಲ್ಲಿ ಪುಟಾಣಿ ಕೇಂದ್ರ ಗೆಲ್ಲುತ್ತದೆ. ಮೇಲೆ ಏರಿ ಬಯಲಿಗೆ ಬಂದ ಕೂಡಲೇ ದೊಡ್ಡ ಕೇಂದ್ರ. ಹಾಡು ಮೆಲ್ಲಗೆ ಮಸುಕಾಗದೆ ಒಮ್ಮೆಲೇ ಹಾರಿಹೋಗುವುದು ಇದರಿಂದಲೇ.

ಅದೇ ಕಾರು ಸಯನ್-ಪನ್ವೇಲ್ ಹೆದ್ದಾರಿ ಹಿಡಿದು ಪನ್ವೇಲ್ ದಾಟಿ, 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಮಾಣಗಾಂವ್, ಮಹಾಡ್ ಕಡೆ ಇಳಿಯಲಿ. ಡಯಲ್ ಬಹುಮಟ್ಟಿಗೆ ಖಾಲಿಯಾಗುತ್ತದೆ, ಸಯನ್ನಿನಲ್ಲಿ ತೊದಲುತ್ತಿದ್ದ ಸಾಧನ ಕಶೇಡಿ ಘಾಟಿಯಲ್ಲಿ ಚೆನ್ನಾಗಿಯೇ ಹಾಡುತ್ತದೆ. ಗೋವಾದ ಹತ್ತಿರ ಒಮ್ಮೆ, ಮಂಗಳೂರಿನ ಹತ್ತಿರ ಇನ್ನೊಮ್ಮೆ ಕೇಂದ್ರಗಳು ಅಡ್ಡ ಬರುತ್ತವೆ. ಖಾಸಗಿ ಜಾಲಗಳು ಹೆಚ್ಚಿನ ಊರುಗಳಲ್ಲಿ ಒಂದೇ ಸಂಖ್ಯೆಯನ್ನು ಇಟ್ಟುಕೊಂಡಿರುವುದರಿಂದ 92.7, 93.5, 98.3ರ ಆಸುಪಾಸು ಬಿಟ್ಟು ಬೇರೆ ಜಾಗ ಹುಡುಕಿಕೊಂಡರೆ ಉಡುಪಿಯವರೆಗೆ ಹೆಚ್ಚು ಕಾಟವಿಲ್ಲ. ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ದಾರಿಗೆ ಮಾತ್ರ ಹಾಡು ಬೇಕೆನ್ನುವವರಿಗೆ ಈ ಅಗ್ಗದ ಉಪಾಯ ಸಾಕು. ದಿನಾ ಸಯನ್ನಿನಿಂದ ಅಂಧೇರಿಗೋ ಠಾಣೆಗೋ ಹೋಗುವವರಿಗೆ ಸಾಲದು. 1912ರಲ್ಲಿ ಕಟ್ಟಿದ ಸಯನ್ ರೈಲ್ವೆ ಮೇಲ್ಸೇತುವೆಯನ್ನು 2024ರ ಆಗಸ್ಟ್ 1ರಂದು ವಾಹನಗಳಿಗೆ ಮುಚ್ಚಿದ ಮೇಲೆ ಇಲ್ಲಿನ ಕಾರುಗಳು ಓಡುವುದಕ್ಕಿಂತ ನಿಂತಿದ್ದೇ ಹೆಚ್ಚು. ಅಷ್ಟು ಹೊತ್ತು ಕರಕರ ಕೇಳುತ್ತ ಕೂರಲು ಯಾರಿಗೂ ಆಗದು.

ಹಳೇ ಕಾರು ಎಂದಾಗ ನನ್ನ ಮನಸ್ಸಿನಲ್ಲಿರುವುದು ಪ್ರದರ್ಶನಕ್ಕಿಡುವ ವಿಂಟೇಜ್ ಕಾರುಗಳಲ್ಲ. ಸಯನ್ನಿನ ಹಳೇ ಸೊಸೈಟಿಗಳ ಕಾಂಪೌಂಡಿನಲ್ಲಿ ಇಂದಿಗೂ ನಿಂತಿರುವ ಎಸ್ಟೀಮ್, ಸ್ಯಾಂಟ್ರೋ, ಹೋಂಡಾ ಸಿಟಿ, ಆಕ್ಟೇವಿಯಾ, ಮೊದಲ ತಲೆಮಾರಿನ ಇನ್ನೋವಾ. ಇವು 90ರ ದಶಕದ ನಡುವಿನಿಂದ 2000ದ ದಶಕದ ಕೊನೆಯವರೆಗೆ ಬಂದ ಗಾಡಿಗಳು. ದೆಹಲಿಯ ಹಾಗೆ ವಯಸ್ಸು ನೋಡಿ ರಸ್ತೆಯಿಂದ ಇಳಿಸುವ ಕಟ್ಟಳೆ ಮುಂಬೈಯ ಖಾಸಗಿ ಕಾರುಗಳಿಗಿಲ್ಲ. 15 ವರ್ಷ ದಾಟಿದ ಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ, ಪರಿಸರ ತೆರಿಗೆ ಕಟ್ಟಿದರೆ ನೋಂದಣಿ ಮತ್ತೆ 5 ವರ್ಷ ಮುಂದುವರಿಯುತ್ತದೆ. ಟ್ಯಾಕ್ಸಿಗಳ ಲೆಕ್ಕ ಬೇರೆ. ಪಕ್ಕದ ಕುರ್ಲಾದ ಕಾರ್ಖಾನೆಯಲ್ಲೇ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ, ಟ್ಯಾಕ್ಸಿಯಾಗಿ 20 ವರ್ಷದ ಮಿತಿ ಮುಗಿಸಿ 2023ರ ಅಕ್ಟೋಬರ್ ಕೊನೆಗೆ ಮುಂಬೈ ರಸ್ತೆಯಿಂದ ನಿವೃತ್ತವಾಯಿತು. ಪದ್ಮಿನಿಗೆ ಸಾಮಾನ್ಯವಾಗಿ ಕಂಪನಿ ಸೆಟ್ಟೇ ಇರುತ್ತಿರಲಿಲ್ಲ. ಬೇಕಾದವರು ಹೊರಗೆ ಹಾಕಿಸಿಕೊಳ್ಳುತ್ತಿದ್ದರು. ಕಾರು ಕಂಪನಿಯೇ ಡ್ಯಾಶ್‌ಬೋರ್ಡಿಗೆ ಹೊಂದುವ ಟೇಪನ್ನೋ ಸಿ.ಡಿ. ಪ್ಲೇಯರನ್ನೋ ಕೂರಿಸಿಕೊಡುವ ರೂಢಿ ನಮ್ಮಲ್ಲಿ ಬಲಿತದ್ದು ಅದರ ನಂತರ ಬಂದ ಕಾರುಗಳಲ್ಲಿ. ಅವು ಬರುವ ಹೊತ್ತಿಗೆ ಎಂಪಿ3 ಹುಟ್ಟಿತ್ತು; ಆ ಹೆಸರು ನಿಗದಿಯಾದದ್ದು 1995ರ ಜುಲೈ 14ರಂದು. ಆದರೂ ಹೊರಗಿನ ಹಾಡನ್ನು ವಯರಿನ ಮೂಲಕ ಒಳಗೆ ಬಿಡುವ ಒಂದು ಆಕ್ಸ್ ತೂತನ್ನು ಡ್ಯಾಶ್‌ಬೋರ್ಡಿನಲ್ಲಿ ಕೊಡಬೇಕೆಂದು ಕಾರು ಕಂಪನಿಗಳಿಗೆ ಹೊಳೆಯಲು ಮತ್ತೂ ಹತ್ತು ವರ್ಷ ಹಿಡಿಯಿತು. ನಾವು ಮಾತಾಡುತ್ತಿರುವುದು ಆ ಹತ್ತು ವರ್ಷದ ಕಾರುಗಳ ಬಗ್ಗೆ.

ಕುರ್ಲಾದ ಸಿ.ಎಸ್.ಟಿ. ರಸ್ತೆಯಲ್ಲಿ ಕಾರಿನ ಸಾಮಾನಿನ ಅಂಗಡಿಗಳು ಸಾಲುಗಟ್ಟಿವೆ. ಟೇಪಿರುವ ಕಾರು ನಿಲ್ಲಿಸಿ, ಇದಕ್ಕೆ ಮೊಬೈಲ್ ಹಾಡು ಬರುವ ಹಾಗೆ ಮಾಡಬಹುದೇ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಕಡೆ ಉತ್ತರ ಒಂದೇ: "ಅರೇ ಸಾಬ್, ಯೇ ಪುರಾನಾ ನಿಕಾಲ್ ದೋ, ಆ್ಯಂಡ್ರಾಯ್ಡ್ ಲಗಾ ಲೋ." ಅವರ ವ್ಯಾಪಾರ ಅದು, ತಪ್ಪಿಲ್ಲ. ಆದರೆ ಹಾಗೆ ಮಾಡಿಸುವ ಮುನ್ನ ಕಿತ್ತು ಕೊಡುವುದೇನು, ಪಡೆಯುವುದೇನು ಎಂದು ಲೆಕ್ಕ ಹಾಕಲೇಬೇಕು.

ಹೊಸ ಸೆಟ್ಟಿನ ಡಬ್ಬಿಯ ಮೇಲೆ 4 ಗುಣಿಸು 50 ವ್ಯಾಟ್, 4 ಗುಣಿಸು 60 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಇಂಜಿನ್ ಓಡುವಾಗ ಕಾರಿನ ವೋಲ್ಟೇಜ್ ಸುಮಾರು 14.4. ಸ್ಪೀಕರಿನ ಎರಡೂ ತುದಿಯನ್ನು ಎರಡು ಆಂಪ್ಲಿಫೈಯರುಗಳು ಎದುರುಬದುರು ತಳ್ಳುವ ಜೋಡಣೆಯಲ್ಲೂ ಅದಕ್ಕೆ ಸಿಗುವ ತುತ್ತತುದಿಯ ವೋಲ್ಟೇಜ್ ಅಷ್ಟೇ. ಅದರ ಪರಿಣಾಮಕಾರಿ (ಆರ್‌ಎಂಎಸ್) ಬೆಲೆ 10.2, ವರ್ಗ ಮಾಡಿ 4 ಓಮ್ ಸ್ಪೀಕರಿನಿಂದ ಭಾಗಿಸಿದರೆ 26 ವ್ಯಾಟ್. ಸೆಟ್ಟಿನೊಳಗಿನ ನಷ್ಟ ಕಳೆದರೆ, ಧ್ವನಿ ಒಡೆಯದೆ ಬರುವುದು 15ರಿಂದ 20 ವ್ಯಾಟ್. ಕಾರಿನ ಬ್ಯಾಟರಿಯಿಂದ ನೇರವಾಗಿ ಓಡುವ ಯಾವ ಸೆಟ್ಟೂ, ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದೆ, ಇದನ್ನು ಮೀರಲಾರದು. ಇಪ್ಪತ್ತು ವರ್ಷದ ಹಿಂದಿನ ಕಂಪನಿ ಸೆಟ್ಟು ಕೊಡುವುದೂ ಇಷ್ಟನ್ನೇ. ಅದರ ಜೊತೆಗೆ ಆ ಕಾರಿನ ಸ್ಪೀಕರಿಗೂ ಬಾಗಿಲಿನ ತಗಡಿಗೂ ಹೊಂದುವಂತೆ ಅದನ್ನು ಒಬ್ಬ ಎಂಜಿನಿಯರ್ ಕೂತು ಹದ ಮಾಡಿರುತ್ತಾನೆ. ರೇಡಿಯೋ ಹಿಡಿಯುವುದರಲ್ಲಂತೂ ಹಳೇ ಕಂಪನಿ ಸೆಟ್ಟುಗಳನ್ನು ಸರಿಗಟ್ಟುವ ಅಗ್ಗದ ಪರದೆ ಸೆಟ್ಟನ್ನು ನಾನು ಈವರೆಗೆ ಕೇಳಿಲ್ಲ.

ಡ್ಯಾಶ್‌ಬೋರ್ಡಿನ ಮಾತೂ ಇದೆ. ಹಳೇ ಜರ್ಮನ್ ಅಳತೆಯ ಸೆಟ್ಟು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ, ಜಪಾನಿನವರು ಅದನ್ನೇ ಎರಡು ಪಟ್ಟು ಎತ್ತರಿಸಿದರು. ಈ ಅಳತೆಯ ಸೆಟ್ಟಾದರೆ ತೆಗೆದು ಬೇರೆ ಕೂರಿಸುವುದು ಕಷ್ಟವಲ್ಲ. ಡ್ಯಾಶ್‌ಬೋರ್ಡಿನ ಬಾಗಿಗೆ ತಕ್ಕಂತೆ ಅಚ್ಚು ಹಾಕಿದ ಸೆಟ್ಟಾದರೆ ಕಿತ್ತ ಮೇಲೆ ಪ್ಲಾಸ್ಟಿಕ್ ಚೌಕಟ್ಟು ತಂದು ತೂತು ಮುಚ್ಚಬೇಕು. ಬಣ್ಣ ಹೊಂದುವುದಿಲ್ಲ, ಸಂದು ಬಿಡುತ್ತದೆ, ಮಳೆಗಾಲದ ರಸ್ತೆಗಳಲ್ಲಿ ಕಟಕಟ ಶುರುವಾಗುತ್ತದೆ. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ, ಅವಸರದ ಕೆಲಸದಲ್ಲಿ ಸೆಟ್ಟಿನ ಹಿಂದಿನ ಕಪ್ಲರನ್ನೇ ಕತ್ತರಿಸಿ ವಯರಿಗೆ ವಯರು ತಿರುಚಿ ಟೇಪು ಸುತ್ತುತ್ತಾರೆ. ಕಾರಿಗೆ ಹೊಂದುವ ಕಪ್ಲರ್ ಅಂಗಡಿಯಲ್ಲಿ ಸಿಗುತ್ತದೆ, ಒಂದು ಕಡೆ ಕಾರಿಗೆ, ಇನ್ನೊಂದು ಕಡೆ ಸೆಟ್ಟಿಗೆ. ಅದನ್ನು ತಂದರೆ ಒಂದು ವಯರನ್ನೂ ಕತ್ತರಿಸಬೇಕಿಲ್ಲ. ಕತ್ತರಿಸಿದ ಕಾರನ್ನು ಮತ್ತೆ ಮೊದಲಿನಂತೆ ಮಾಡುವುದು ಮಾತ್ರ ಯಾರಿಂದಲೂ ಆಗದು. ನನ್ನ ಮಾತು ಇಷ್ಟೇ: ಹಾಡು ಒಳಗೆ ಹೋಗುವ ದಾರಿ ಆ ಸೆಟ್ಟಿನಲ್ಲೇ ಎಲ್ಲೋ ಇದೆ, ಅದನ್ನು ಹುಡುಕುವ ತನಕ ಕತ್ತರಿ ಎತ್ತಬಾರದು.

ಟೇಪಿರುವ ಕಾರಿಗೆ ತುಂಬ ಸರಳ ದಾರಿ ಕ್ಯಾಸೆಟ್ ಅಡಾಪ್ಟರ್. ನೋಡಲು ಮಾಮೂಲಿ ಕ್ಯಾಸೆಟ್ಟು, ಒಂದು ಬದಿಯಿಂದ ವಯರು ಹೊರಬಂದು ಮೊಬೈಲಿಗೆ ಹೋಗುತ್ತದೆ. ಬಿಚ್ಚಿ ನೋಡಿದರೆ ಒಳಗೆ ಟೇಪೇ ಇಲ್ಲ. ಕೆಲವು ಹಲ್ಲುಚಕ್ರಗಳು, ಮತ್ತು ಟೇಪು ಹಾದುಹೋಗಬೇಕಿದ್ದ ಜಾಗದಲ್ಲಿ ಹೊಳೆಯುವ ಪುಟ್ಟ ಲೋಹದ ಹೆಡ್ಡು. ಕಾರಿನ ಟೇಪಿನ ಹೆಡ್ಡು ಓದುವುದು ಟೇಪಿನ ಮೇಲಿರುವ ಕಾಂತಕ್ಷೇತ್ರದ ಏರಿಳಿತವನ್ನು. ಆ ಏರಿಳಿತ ಟೇಪಿನಿಂದ ಬಂತೋ, ಎದುರಿಗೆ ಮೂಗಿಗೆ ಮೂಗು ತಾಗಿಸಿ ಕೂತ ಇನ್ನೊಂದು ಹೆಡ್ಡಿನಿಂದ ಬಂತೋ ಅದಕ್ಕೆ ಗೊತ್ತಾಗುವುದಿಲ್ಲ. ಮೊಬೈಲಿನ ಹಾಡು ಅಡಾಪ್ಟರಿನ ಹೆಡ್ಡಿನಲ್ಲಿ ಕಾಂತವಾಗಿ ಏಳುತ್ತದೆ, ಕಾರಿನ ಹೆಡ್ಡು ಅದನ್ನು ಮತ್ತೆ ವಿದ್ಯುತ್ತಾಗಿ ಹಿಡಿಯುತ್ತದೆ. ಹಲ್ಲುಚಕ್ರಗಳ ಕೆಲಸ, ಟೇಪು ಸುತ್ತುತ್ತಿದೆ ಎಂದು ಯಂತ್ರವನ್ನು ನಂಬಿಸುವುದು. ಇಲ್ಲದಿದ್ದರೆ ಟೇಪು ಮುಗಿಯಿತೆಂದು ತಿಳಿದು ಅದು ಕ್ಯಾಸೆಟ್ಟನ್ನು ಹೊರಗೆ ತಳ್ಳುತ್ತದೆ. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಕ್ಯಾಸೆಟ್ಟಿಗೂ ನಿನ್ನೆ ಕೊಂಡ ಫೋನಿಗೂ ಇಷ್ಟು ಸಲೀಸಾಗಿ ನಂಟು ಬೆಸೆಯುವ ಈ ಉಪಾಯಕ್ಕೆ ನಾನು ಮನಸೋತಿದ್ದೇನೆ.

ಇದು ಕೈಕೊಡುವುದು ಸಾಮಾನ್ಯವಾಗಿ ಎರಡು ಕಡೆ. ಆಟೋ ರಿವರ್ಸ್ ಇರುವ ಟೇಪು ಆಗಾಗ ಬದಿ ಬದಲಿಸುತ್ತ ಟಕ್ ಟಕ್ ಎನ್ನುತ್ತಿದ್ದರೆ ಅಡಾಪ್ಟರಿನ ಚಕ್ರಗಳು ಬಿಗಿಯಾಗಿವೆ ಎಂದರ್ಥ. ಬೇರೆ ಅಡಾಪ್ಟರ್ ತಂದರೆ ಸರಿಹೋಗುತ್ತದೆ. ಬಲಗಡೆ ಜೋರು, ಎಡಗಡೆ ಮಂದ ಎಂದಾದರೆ ಹೆಡ್ಡು ಎದುರುಬದುರು ಸರಿಯಾಗಿ ಕೂತಿಲ್ಲ, ಇಲ್ಲವೇ ಕೊಳೆ ಹಿಡಿದಿದೆ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿ ಕಾರಿನ ಹೆಡ್ಡನ್ನು ಒರೆಸಿದರೆ ಕಡ್ಡಿ ಕಂದುಬಣ್ಣಕ್ಕೆ ತಿರುಗುತ್ತದೆ. ವರ್ಷಗಟ್ಟಲೆ ಕ್ಯಾಸೆಟ್ಟುಗಳು ಉಜ್ಜಿ ಬಿಟ್ಟುಹೋದ ಪುಡಿ ಅದು. ಬ್ಲೂಟೂತ್ ಇರುವ ಅಡಾಪ್ಟರುಗಳೂ ಬಂದಿವೆ, ವಯರಿಲ್ಲ. ಆದರೆ ಒಳಗಿನ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿರಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಟೇಪಿನೊಳಗೆ ಲಿಥಿಯಂ ಬ್ಯಾಟರಿ ಬಿಟ್ಟುಬರುವುದು ಒಳ್ಳೆಯದಲ್ಲ.

ಟೇಪೂ ಇಲ್ಲ, ಆಕ್ಸೂ ಇಲ್ಲ, ಸಿ.ಡಿ. ಮಾತ್ರ ಇದೆ ಎನ್ನುವ ಸೆಟ್ಟುಗಳ ವಿಚಾರ ಹೆಚ್ಚು ಸ್ವಾರಸ್ಯದ್ದು. 2000ದ ಆಸುಪಾಸಿನ ದುಬಾರಿ ಕಾರುಗಳಿಗೆ ಡಿಕ್ಕಿಯಲ್ಲೋ ಸೀಟಿನಡಿಯಲ್ಲೋ ಆರು ಸಿ.ಡಿ. ಹಿಡಿಸುವ ಚೇಂಜರ್ ಹಾಕಿಸಬಹುದಿತ್ತು. ಬೆಲೆ ಜಾಸ್ತಿ, ಹೆಚ್ಚಿನವರು ಹಾಕಿಸಲಿಲ್ಲ. ಆದರೆ ಅದಕ್ಕೆಂದೇ ಬಿಟ್ಟ ಕಪ್ಲರ್ ಸೆಟ್ಟಿನ ಬೆನ್ನಿನಲ್ಲಿ ಇವತ್ತಿಗೂ ಖಾಲಿ ಇದೆ. ಟೊಯೋಟಾದ ಹಲವು ಸೆಟ್ಟುಗಳಲ್ಲಿ ಅದು ಎರಡು ತುಂಡಿನ 5+7 ಅಥವಾ 6+6 ಪಿನ್ನಿನದು. ಹೋಂಡಾದ ಕೆಲವದರಲ್ಲಿ 14 ಪಿನ್. ಫೋಕ್ಸ್‌ವ್ಯಾಗನ್, ಸ್ಕೋಡಾ ಬಳಗದಲ್ಲಿ ಮೊದಲು 8, ಆಮೇಲೆ 12. ಅದರಲ್ಲಿ ಎಡ ಬಲದ ಧ್ವನಿಯ ವಯರುಗಳಿವೆ, ನೇರವಾಗಿ ಒಳ್ಳೆಯ ಗುಣಮಟ್ಟದಲ್ಲಿ ಒಳಗೆ ಹೋಗುವಂಥವು. ಹಾಗಾದರೆ ಮೊಬೈಲಿನ ವಯರನ್ನು ಅಲ್ಲಿಗೇ ಬೆಸೆದರಾಯಿತಲ್ಲ ಎನಿಸುತ್ತದೆ. ಬೆಸೆದರೆ ಏನೂ ಕೇಳಿಸುವುದಿಲ್ಲ. ಧ್ವನಿಯ ವಯರಿನ ಪಕ್ಕದಲ್ಲೇ ಮಾಹಿತಿಯ ವಯರೂ ಇದೆ. ಸೆಟ್ಟು ಅದರ ಮೂಲಕ ಚೇಂಜರನ್ನು ವಿಚಾರಿಸುತ್ತಿರುತ್ತದೆ: ಇದ್ದೀಯಾ, ಯಾವ ಸಿ.ಡಿ., ಎಷ್ಟನೇ ಹಾಡು, ಎಷ್ಟು ನಿಮಿಷ ಆಯಿತು. ಉತ್ತರ ಬಾರದಿದ್ದರೆ ಚೇಂಜರ್ ಇಲ್ಲವೆಂದು ತೀರ್ಮಾನಿಸಿ ಆ ದಾರಿಯನ್ನೇ ಮುಚ್ಚಿಬಿಡುತ್ತದೆ.

ಹಾಗಾಗಿ ಚೇಂಜರಿನಂತೆಯೇ ಉತ್ತರ ಕೊಡುವ ಒಂದು ಪುಟ್ಟ ಪೆಟ್ಟಿಗೆಯನ್ನು ಆ ಕಪ್ಲರಿಗೆ ಸಿಕ್ಕಿಸುತ್ತಾರೆ. ಅದು ಸೆಟ್ಟಿನ ಪ್ರಶ್ನೆಗಳಿಗೆಲ್ಲ ಚಾಚೂ ತಪ್ಪದೆ ಉತ್ತರಿಸುತ್ತ, ಧ್ವನಿಯ ವಯರಿನಲ್ಲಿ ಪೆನ್‌ಡ್ರೈವಿನ ಹಾಡು ಕಳಿಸುತ್ತದೆ. ಪೆನ್‌ಡ್ರೈವಿನ ಒಂದೊಂದು ಫೋಲ್ಡರು ಸೆಟ್ಟಿನ ಕಣ್ಣಿಗೆ ಒಂದೊಂದು ಸಿ.ಡಿ.; ಕಾರಿನದೇ ಗುಂಡಿ ಒತ್ತಿ ಹಾಡು ಬದಲಿಸಬಹುದು, ಸ್ಟೇರಿಂಗಿನ ಮೇಲೆ ಗುಂಡಿಗಳಿದ್ದರೆ ಅವೂ ಕೆಲಸ ಮಾಡುತ್ತವೆ. ಹಾಡಿನ ಸಂಖ್ಯೆ ತೋರಿಸಲು ಪರದೆಯಲ್ಲಿ ಎರಡೇ ಅಂಕಿಗೆ ಜಾಗವಿರುವುದರಿಂದ ಒಂದು ಫೋಲ್ಡರಿನಲ್ಲಿ 99ಕ್ಕಿಂತ ಹೆಚ್ಚು ಹಾಡು ಹಾಕಿದರೆ ಉಳಿದವು ಕಾಣುವುದಿಲ್ಲ. ನನಗೆ ಕೇಳಿದರೆ ಇದ್ದುದರಲ್ಲಿ ಇದೇ ಅತ್ಯುತ್ತಮ ದಾರಿ. ಒಂದು ವಯರೂ ಕತ್ತರಿಸಬೇಕಿಲ್ಲ, ಧ್ವನಿಗೆ ರೇಡಿಯೋದ ಕರಕರವಿಲ್ಲ, ನಾಳೆ ಕಾರು ಮಾರುವಾಗ ಬಿಚ್ಚಿಕೊಂಡು ಹೋಗಬಹುದು. ಕೊಳ್ಳುವ ಮುಂಚೆ ಸೆಟ್ಟನ್ನು ಹೊರಗೆಳೆದು ಹಿಂದಿನ ಕಪ್ಲರಿನ ಫೋಟೋ ತೆಗೆದಿಟ್ಟುಕೊಳ್ಳಿ. ಕಾರಿನ ಹೆಸರು, ವರ್ಷ ಹೇಳಿ ತರಿಸಿದರೆ ಎಷ್ಟೋ ಸಲ ಬೇರೆ ಪಿನ್ನಿನದು ಬರುತ್ತದೆ.

ಸೆಟ್ಟು ಹೊರಗೆಳೆಯುವ ಮುನ್ನ ಇನ್ನೊಂದು ಎಚ್ಚರ ಬೇಕು. ಹೋಂಡಾ, ಸ್ಕೋಡಾ ಮೊದಲಾದ ಹಲವು ಕಾರುಗಳ ಸೆಟ್ಟಿಗೆ ಕಳವು ತಡೆಯುವ ಕೋಡ್ ಇದೆ. ಬ್ಯಾಟರಿ ಸಂಪರ್ಕ ತಪ್ಪಿದ ಕೂಡಲೇ ಸೆಟ್ಟು ಬೀಗ ಹಾಕಿಕೊಂಡು ಕೋಡ್ ಕೇಳುತ್ತದೆ. ಕಾರಿನ ಕೈಪಿಡಿಯ ಜೊತೆ ಬಂದ ಚಿಕ್ಕ ಕಾರ್ಡಿನಲ್ಲಿ ಅದು ಬರೆದಿರುತ್ತದೆ. ಎರಡನೇ, ಮೂರನೇ ಕೈಗೆ ಬಂದ ಕಾರಿನಲ್ಲಿ ಆ ಕಾರ್ಡು ಸಿಗುವುದು ಅಪರೂಪ. ಆದ್ದರಿಂದ ಕೋಡ್ ಕೈಯಲ್ಲಿ ಹಿಡಿದುಕೊಂಡೇ ಕೆಲಸ ಶುರುಮಾಡಬೇಕು.

ಚೇಂಜರ್ ಕಪ್ಲರೂ ಇಲ್ಲದ, ಟೇಪಿನ ಯಂತ್ರವೂ ಕೆಟ್ಟ ಸೆಟ್ಟಾದರೆ ಉಳಿದಿರುವುದು ಒಳಗೇ ಕೈಹಾಕುವುದು. ಗ್ರ್ಯಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬ್ಲೂಟೂತ್ ಕಿಟ್, ಯುಎಸ್‌ಬಿ ಕಿಟ್ ಎಂದು ಕೇಳಿದರೆ ಬೆಂಕಿಪೊಟ್ಟಣದಷ್ಟಗಲದ ಸರ್ಕೀಟು ಕೊಡುತ್ತಾರೆ. ಸೋಲ್ಡರಿಂಗ್ ಬಲ್ಲವರಿಗೆ ಅದನ್ನು ಜೋಡಿಸುವುದು ಅರ್ಧ ದಿನದ ಕೆಲಸ. ಎಲ್ಲಿ ಜೋಡಿಸಬೇಕೆಂಬುದೇ ಮುಖ್ಯ. ಟೇಪಿನ ಹೆಡ್ಡಿನಿಂದ ಬರುವ ವಿದ್ಯುತ್ತು ಒಂದು ಮಿಲಿವೋಲ್ಟಿಗೂ ಕಡಿಮೆ. ಅದನ್ನು ಪಕ್ಕದ ಪುಟ್ಟ ಪ್ರೀಆಂಪ್ಲಿಫೈಯರ್ ಐಸಿ ನೂರಾರು ಪಟ್ಟು ಹಿಗ್ಗಿಸುತ್ತದೆ, ಟೇಪಿನ ಸ್ವಭಾವಕ್ಕೆ ತಕ್ಕಂತೆ ಕೆಳಸ್ವರವನ್ನು ಎತ್ತಿಯೂ ಕೊಡುತ್ತದೆ. ಕಿಟ್ಟಿನಿಂದ ಬರುವುದು ಅರ್ಧ ವೋಲ್ಟಿನ ಆಸುಪಾಸು. ಹೆಡ್ಡಿನ ವಯರಿಗೇ ಅದನ್ನು ಕೊಟ್ಟರೆ ಹಾಡು ಹರಿದು ಚಿಂದಿಯಾಗುತ್ತದೆ. ಪ್ರೀಆಂಪ್ಲಿಫೈಯರ್ ದಾಟಿ, ವಾಲ್ಯೂಮ್ ಐಸಿಗೆ ಮುಂಚೆ ಧ್ವನಿ ಹಾದುಹೋಗುವ ಜಾಗದಲ್ಲಿ, ಟೇಪಿನಿಂದ ಬರುವ ವಯರನ್ನು ಬಿಡಿಸಿ, ಎಡಕ್ಕೊಂದು ಬಲಕ್ಕೊಂದು ಕೆಪ್ಯಾಸಿಟರಿನ ಮೂಲಕ ಒಳಕ್ಕೆ ಕೊಡಬೇಕು. ಕೆಪ್ಯಾಸಿಟರ್ ಬೇಕಾದ್ದು ಆ ಜಾಗದಲ್ಲಿ ನಿಂತಿರುವ ಡಿಸಿ ವೋಲ್ಟೇಜು ಕಿಟ್ಟಿಗೆ ಬಾರದಿರಲೆಂದು. ಟೇಪು ಓಡುತ್ತಿದೆ ಎಂದು ಸೆಟ್ಟಿಗೆ ಅನಿಸದಿದ್ದರೆ ಅದು ಧ್ವನಿ ಬಿಡುವುದಿಲ್ಲ. ಅದಕ್ಕೆ ಖಾಲಿ ಕ್ಯಾಸೆಟ್ಟು ಹಾಕಿಡುತ್ತಾರೆ, ಇಲ್ಲವೇ ಕ್ಯಾಸೆಟ್ಟು ಒಳಬಂದದ್ದನ್ನು ತಿಳಿಸುವ ಸ್ವಿಚ್ಚಿನ ಎರಡು ಕಾಲನ್ನು ಕೂಡಿಸುತ್ತಾರೆ. ಟೇಪು ಇನ್ನೂ ಸರಿಯಿರುವ ಸೆಟ್ಟಿನಲ್ಲಿ ಮಾತ್ರ ಈ ಕೆಲಸಕ್ಕೆ ನಾನು ಒಪ್ಪಲಾರೆ. ಕಾರಣ ಮುಂದೆ ಹೇಳುತ್ತೇನೆ.

ಯಾವ ದಾರಿ ಹಿಡಿದರೂ ಕರೆಂಟಿನ ಎರಡು ವಯರುಗಳ ವ್ಯತ್ಯಾಸ ಗೊತ್ತಿರಬೇಕು. ಹೊರಗಿನ ಸೆಟ್ಟುಗಳ ರೂಢಿಯಂತೆ ಹಳದಿ ವಯರಿನಲ್ಲಿ ಯಾವಾಗಲೂ 12 ವೋಲ್ಟ್. ಗಡಿಯಾರ, ಉಳಿಸಿಟ್ಟ ಕೇಂದ್ರಗಳ ನೆನಪಿಗೆ ಅದು ಬೇಕು. ಕೆಂಪು ವಯರಿಗೆ ಕೀಲಿ ತಿರುಗಿಸಿದಾಗ ಮಾತ್ರ ಬರುತ್ತದೆ. ಕಂಪನಿಯ ವಯರಿಂಗಿನ ಬಣ್ಣ ಬೇರೆ ಇರುವುದುಂಟು, ಟೆಸ್ಟರಿನಿಂದ ನೋಡಿಯೇ ತೀರ್ಮಾನಿಸಬೇಕು. ಕಿಟ್ಟನ್ನು ಹಳದಿಗೆ ಸೇರಿಸಿದರೆ ಅದು ರಾತ್ರಿಯೆಲ್ಲ ಎಚ್ಚರವಿದ್ದು ಬ್ಯಾಟರಿ ಕುಡಿಯುತ್ತದೆ. ವಾರಗಟ್ಟಲೆ ನಿಂತಿರುವ ಕಾರು ಆಮೇಲೆ ಸ್ಟಾರ್ಟೇ ಆಗದು. ಕೆಂಪಿಗೆ, ಅದೂ ಸಣ್ಣ ಫ್ಯೂಸಿನ ಮೂಲಕ ಕೊಡಬೇಕು. ಫ್ಯೂಸು ಬಿಟ್ಟು ಕೆಲಸ ಮಾಡುವವರಿಂದ ದೂರವಿರಿ.

ಎಲ್ಲ ಸರಿಯಾಗಿ, ಇಂಜಿನ್ ಶುರುಮಾಡಿದ ಮೇಲೆ ಹಾಡಿನ ಹಿಂದೆ 'ಕುಂಯ್' ಎಂಬ ಸದ್ದು ಬಂದು, ಆಕ್ಸಿಲರೇಟರ್ ಒತ್ತಿದಂತೆ ಅದು ಮೇಲೇರಿದರೆ ಗಾಬರಿ ಬೇಡ. ಫೋನು ಚಾರ್ಜರಿನ ಮೂಲಕ ಒಂದು ಕಡೆ ಅರ್ಥ್ ಪಡೆದಿದೆ, ಆಕ್ಸ್ ವಯರಿನ ಮೂಲಕ ಸೆಟ್ಟಿನ ಕಡೆಯಿಂದ ಇನ್ನೊಂದು. ಎರಡರ ನಡುವಿನ ಅತಿ ಸಣ್ಣ ವೋಲ್ಟೇಜ್ ವ್ಯತ್ಯಾಸದಲ್ಲಿ ಆಲ್ಟರ್ನೇಟರಿನ ಸದ್ದು ನುಸುಳುತ್ತದೆ. ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಇದೇ ಕಾರಣ. ಗ್ರೌಂಡ್ ಲೂಪ್ ಐಸೋಲೇಟರ್ ಎಂಬ ಬೆರಳುದ್ದದ ಸಾಧನವನ್ನು ಆಕ್ಸ್ ವಯರಿನ ನಡುವೆ ಹಾಕಿದರೆ, ಅದರೊಳಗಿನ ಎರಡು ಪುಟ್ಟ ಟ್ರಾನ್ಸ್‌ಫಾರ್ಮರುಗಳು ಹಾಡನ್ನು ಮಾತ್ರ ದಾಟಿಸಿ ಅರ್ಥ್ ಸಂಪರ್ಕವನ್ನು ತಪ್ಪಿಸುತ್ತವೆ. ಫೋನಿನ ವಾಲ್ಯೂಮನ್ನು ಮುಕ್ಕಾಲಿಗಿಂತ ಮೇಲಿಟ್ಟು, ಜೋರು ಮೆಲ್ಲಗೆಗೆ ಕಾರಿನ ಗುಂಡಿಯನ್ನೇ ತಿರುಗಿಸುವುದೂ ಒಳ್ಳೆಯದು. ಒಳಬರುವ ಹಾಡು ಬಲವಾಗಿದ್ದಷ್ಟೂ ಹಿಂದಿನ ಸದ್ದು ಅಡಗುತ್ತದೆ.

ಇನ್ನು ಪೆನ್‌ಡ್ರೈವಿನಲ್ಲಿ ಏನು ಹಾಕುವುದು? 64 ಜಿಬಿಯ ಹೊಸ ಪೆನ್‌ಡ್ರೈವ್ ಹಾಕಿದರೆ ಹಳೇ ಕಿಟ್ಟುಗಳು ಓದುವುದಿಲ್ಲ, ಅವಕ್ಕೆ ಎಫ್‌ಎಟಿ32 ವಿನ್ಯಾಸ ಬೇಕು. 16 ಅಥವಾ 32 ಜಿಬಿಯದು ತಂದು ಹಾಗೆ ಫಾರ್ಮ್ಯಾಟ್ ಮಾಡಿದರೆ ತಕರಾರಿಲ್ಲ. ಕನ್ನಡದಲ್ಲಿ ಹೆಸರಿಟ್ಟ ಹಾಡುಗಳು ಇಂಥ ಸೆಟ್ಟುಗಳ ಪರದೆಯಲ್ಲಿ ಖಾಲಿ ಚೌಕಗಳಾಗಿ ಕಾಣುತ್ತವೆ, ಕೆಲವದರಲ್ಲಿ ಹಾಡೇ ಶುರುವಾಗದು. ಇದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ, ಸದ್ಯಕ್ಕೆ ಪರಿಹಾರವಿಲ್ಲ. ಹೆಸರಿನ ಮುಂದೆ 001, 002 ಎಂದು ಅಂಕಿ ಹಾಕಿ, ಉಳಿದದ್ದನ್ನು ರೋಮನ್ ಅಕ್ಷರದಲ್ಲಿ ಚುಟುಕಾಗಿ ಬರೆಯಬೇಕು. ಎಷ್ಟೋ ಕಿಟ್ಟುಗಳು ಹೆಸರಿನ ಕ್ರಮವನ್ನು ನೋಡುವುದೇ ಇಲ್ಲ, ಪೆನ್‌ಡ್ರೈವಿಗೆ ಯಾವುದು ಮೊದಲು ಬಂತೋ ಅದನ್ನೇ ಮೊದಲು ಹಾಡುತ್ತವೆ. ಹಾಗಾಗಿ ಕಾಪಿ ಮಾಡುವಾಗಲೇ ಕ್ರಮವಾಗಿ ಮಾಡಬೇಕು.

ಮುಂಬೈ ಕನ್ನಡಿಗರ ಮನೆಗಳಲ್ಲಿ ಹಾಡಿನ ನಿಜವಾದ ಗಂಟು ಇರುವುದು ಫೋನಿನಲ್ಲಲ್ಲ, ಮಂಚದಡಿಯ ಕ್ಯಾಸೆಟ್ಟಿನ ಡಬ್ಬಿಯಲ್ಲಿ. 1978ರ 'ನಿತ್ಯೋತ್ಸವ'ದಿಂದ ಶುರುವಾದ ಭಾವಗೀತೆಯ ಕ್ಯಾಸೆಟ್ಟುಗಳು, ಊರಿಗೆ ಹೋದಾಗ ತಂದ ಯಕ್ಷಗಾನದ ಕ್ಯಾಸೆಟ್ಟುಗಳು, 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರ ಭಾಗವತಿಕೆ, ಇವೆಲ್ಲ ಅಲ್ಲಿವೆ. ಮಾರಾಟಕ್ಕೆ ಬಂದ ಕ್ಯಾಸೆಟ್ಟುಗಳ ಹಾಡುಗಳಲ್ಲಿ ಹೆಚ್ಚಿನವು ಇಂದು ಮೊಬೈಲಿನಲ್ಲೇ ಸಿಗುತ್ತವೆ. ಸಯನ್ನಿನ ಗೋಕುಲದಲ್ಲೋ ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲೋ ನಡೆದ ಕಾರ್ಯಕ್ರಮವನ್ನು ಯಾರೋ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು, ಮನೆಯ ಪೂಜೆಯಲ್ಲಿ ಅಜ್ಜಿ ಹೇಳಿದ ಹಾಡು, ಊರಿನ ತಾಳಮದ್ದಳೆ, ಇವು ಆ ಒಂದು ಕ್ಯಾಸೆಟ್ಟು ಬಿಟ್ಟರೆ ಬೇರೆಲ್ಲೂ ಇಲ್ಲ. ಅವನ್ನು ಹಾಡಿಸಲು ಟೇಪು ಬೇಕು, ಮನೆಯ ಟೇಪ್ ರೆಕಾರ್ಡರ್ ಎಂದೋ ಗುಜರಿಗೆ ಹೋಗಿದೆ. ಎಷ್ಟೋ ಮನೆಗಳಲ್ಲಿ ಇನ್ನೂ ಕೆಲಸ ಮಾಡುವ ಟೇಪು ಎಂದರೆ ಕೆಳಗೆ ನಿಂತಿರುವ ಕಾರಿನೊಳಗಿನದೊಂದೇ. ಟೇಪು ಸರಿಯಿರುವ ಸೆಟ್ಟಿನ ಒಳಗೆ ಕೈಹಾಕಬೇಡಿ ಎಂದದ್ದು ಇದಕ್ಕೆ.

ಕಾರಿನ ಸೆಟ್ಟಿನಿಂದಲೇ ಧ್ವನಿ ಹೊರತೆಗೆದು ಡಿಜಿಟಲ್ ಮಾಡಬಹುದು. ಬೆನ್ನಿನಲ್ಲಿ ಲೈನ್ ಔಟ್ ಇದ್ದರೆ ನೇರವಾಗಿ, ಇಲ್ಲದಿದ್ದರೆ ಸ್ಪೀಕರ್ ವಯರಿಗೆ ಲೈನ್ ಕನ್ವರ್ಟರ್ ಹಾಕಿ ಲ್ಯಾಪ್‌ಟಾಪಿಗೆ ಕೊಡಬೇಕು. ಸ್ಪೀಕರ್ ವಯರನ್ನು ಲ್ಯಾಪ್‌ಟಾಪಿಗೆ ನೇರವಾಗಿ ಕೊಟ್ಟರೆ ಸೆಟ್ಟು, ಲ್ಯಾಪ್‌ಟಾಪ್ ಎರಡೂ ಸುಟ್ಟುಹೋಗುವ ಅಪಾಯವಿದೆ. ಇಂಜಿನ್ ಆರಿಸಿ, ಲ್ಯಾಪ್‌ಟಾಪನ್ನು ಅದರದೇ ಬ್ಯಾಟರಿಯಲ್ಲಿ ಓಡಿಸಿದರೆ ಆಲ್ಟರ್ನೇಟರಿನ ಸದ್ದು ಸೇರುವುದಿಲ್ಲ. ಅಡಾಸಿಟಿಯಂಥ ಉಚಿತ ತಂತ್ರಾಂಶ ಸಾಕು. ಹಾಡಿಸುವ ಮುನ್ನ ಕ್ಯಾಸೆಟ್ಟನ್ನು ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಬೇಕು, ಟೇಪು ಒಂದಕ್ಕೊಂದು ಅಂಟಿದ್ದರೆ ಬಿಡಿಸಿಕೊಳ್ಳುತ್ತದೆ. ಕ್ಯಾಸೆಟ್ಟಿನ ಬಾಯಲ್ಲಿ ಟೇಪಿನ ಹಿಂದೆ ಇರುವ ಪುಟ್ಟ ಮೆತ್ತೆ ಉದುರಿದ್ದರೆ ಬೇರೆ ಕ್ಯಾಸೆಟ್ಟಿನದನ್ನು ತೆಗೆದು ಅಂಟಿಸಬೇಕು. ಅದಿಲ್ಲದೆ ಟೇಪು ಹೆಡ್ಡಿಗೆ ಒತ್ತುವುದಿಲ್ಲ, ಧ್ವನಿ ದೂರದಿಂದ ಬಂದ ಹಾಗಿರುತ್ತದೆ. ತಾಳದ ಸದ್ದು ಮೊಂಡಾಗಿ ಕೇಳಿದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಅದು ಹರಿತವಾದಲ್ಲಿ ನಿಲ್ಲಿಸಬೇಕು. ಆ ಕ್ಯಾಸೆಟ್ಟನ್ನು ತುಂಬಿದ ಯಂತ್ರದ ಹೆಡ್ಡು ಯಾವ ಕೋನದಲ್ಲಿತ್ತೋ ಆ ಕೋನಕ್ಕೆ ನಿಮ್ಮದು ಬಂದಿರುತ್ತದೆ.

ಮೊದಲು ಸಂಕುಚಿಸದ ವೇವ್ ರೂಪದಲ್ಲಿ ತುಂಬಿಕೊಳ್ಳಿ; ಗಂಟೆಗೆ ಸುಮಾರು 635 ಎಂಬಿ ಆಗುತ್ತದೆ, ಅದನ್ನು ಮನೆಯಲ್ಲಿ ಜೋಪಾನವಾಗಿಡಬೇಕು. ಕಾರಿಗೆ 192 ಕೆಬಿಪಿಎಸ್ ಎಂಪಿ3 ಸಾಕು, ಗಂಟೆಗೆ 86 ಎಂಬಿ. ನೂರು ಗಂಟೆಯ ಕ್ಯಾಸೆಟ್ಟುಗಳು 16 ಜಿಬಿಯ ಪೆನ್‌ಡ್ರೈವಿನಲ್ಲಿ ಸಲೀಸಾಗಿ ಕೂರುತ್ತವೆ. ಯಕ್ಷಗಾನವನ್ನು ಮಾತ್ರ ಎಲ್ಲೆಂದರಲ್ಲಿ ತುಂಡು ಮಾಡಬಾರದು. ಹಾಗೆಂದು ಒಂದು ಬದಿಯನ್ನು ಪೂರ್ತಿ ಒಂದೇ ಫೈಲಾಗಿ ಇಟ್ಟರೆ, ಕೀಲಿ ತೆಗೆದು ಹಾಕಿದಾಗ ಕೆಲವು ಕಿಟ್ಟುಗಳು ಮತ್ತೆ ಮೊದಲಿನಿಂದ ಶುರುಮಾಡುತ್ತವೆ. ಪೆಟ್ರೋಲ್ ಹಾಕಿಸಲು ನಿಂತರೂ ಪ್ರಸಂಗ ಮೊದಲ ಪದ್ಯಕ್ಕೆ ಹೋಗುತ್ತದೆ. ಪದ್ಯ ಮುಗಿದು ಅರ್ಥ ಶುರುವಾಗುವ ಕಡೆ ಕತ್ತರಿಸಿ ಹತ್ತು ಹದಿನೈದು ನಿಮಿಷದ ತುಂಡುಗಳಾಗಿ ಮಾಡಿದರೆ ಭಾಗವತರ ಏರುಪದ ನಡುವೆ ಹರಿಯುವುದಿಲ್ಲ. ಫೋಲ್ಡರಿನ ಹೆಸರಿನಲ್ಲಿ ಪ್ರಸಂಗ, ಭಾಗವತರು, ನಡೆದ ಊರು, ವರ್ಷ ಇಷ್ಟನ್ನೂ ಬರೆದಿಡಿ. ಕ್ಯಾಸೆಟ್ಟಿನ ಚೀಟಿಯ ಮೇಲೆ ಅಪ್ಪನೋ ದೊಡ್ಡಪ್ಪನೋ ಪೆನ್ಸಿಲಿನಲ್ಲಿ ಬರೆದ ಸಾಲುಗಳು ಅಳಿಸಿಹೋಗುತ್ತಿವೆ, ಅದರದ್ದೂ ಒಂದು ಫೋಟೋ ತೆಗೆದು ಅದೇ ಫೋಲ್ಡರಿನಲ್ಲಿ ಹಾಕಿ. ಕಾರಿನ ಸೆಟ್ಟಿಗೆ ಚಿತ್ರ ಕಾಣುವುದಿಲ್ಲ, ಹಾಡು ಹಾಡಲು ಅದರಿಂದ ಅಡ್ಡಿಯೂ ಇಲ್ಲ.